ಹೊಲಿಗೆ ಹೊರಗಾದ ಕೊಟ್ಟಿಗೆ

ಹರಿದುದನ್ನು ಹರಿಯಿತೆಂದು ಎಸೆಯದವಳು. ಹಳೆಯದನ್ನು ಹಳೆಯದೆಂದು ಹಳಿಯದವಳು. ಅಂಗಿಯೊಂದರ ಕೊರಳಪಟ್ಟಿಯನ್ನು ಕಂಡಷ್ಟಕ್ಕೇ ಅದನ್ನು ತೊಟ್ಟವನ ಮನೆಯಲ್ಲಿ ನೆಮ್ಮದಿಯಿದೆಯೋ ಇಲ್ಲವೋ ಎಂಬುದನ್ನು ಅರಿಯಬಲ್ಲವಳು, ಅರಿತುದನ್ನು ಇನ್ನೊಬ್ಬರ ಕಿವಿಗೆ ಹಾಕದವಳು. ಬಾಯಿತುಂಬ ಗುಂಡುಸೂಜಿ ಕಚ್ಚಿಕೊಂಡಿರುವಾಗಲೂ ಬಂದವರನ್ನು ಕಣ್ಣಿನಲ್ಲಿಯೇ ಕುಳ್ಳಿರಿಸಿ ಉಪಚರಿಸುವವಳು. ಉಳಿದ ಬಟ್ಟೆಯ ಚೂರನ್ನು ಕೇಳದೆಯೇ ಹಿಂದಿರುಗಿಸುವವಳು. ಕೊಡುತ್ತೇನೆಂದ ದಿನಕ್ಕೇ ಬಟ್ಟೆ ಕೊಡುವವಳು—ಈ ಗುಣವು ದರ್ಜಿಗಳಲ್ಲಿ ಎಷ್ಟು ಅಪೂರ್ವವೆಂಬುದನ್ನು ಹೊಲಿಯಲು ಕೊಟ್ಟು ಅಲೆದವರೆಲ್ಲ ಬಲ್ಲರು. ಸಿಟ್ಟು ಬಂದರೆ ಹೊಲಿಗೆಯಂತ್ರವನ್ನು ನಾಲ್ಕು ಪಟ್ಟು ಜೋರಾಗಿ ತುಳಿದು, ಸಿಟ್ಟೆಲ್ಲ ಹೊಲಿಗೆಯಲ್ಲಿ ಇಳಿದುಹೋದ ಮೇಲೆಯೇ ತುಟಿ ಬಿಚ್ಚುವವಳು. ಬಾಯಿಲ್ಲದ ಪ್ರಾಣಿಯ ನೋವನ್ನು ಬಾಯಿದ್ದವರ ದೂರಿಗಿಂತ ಮೊದಲು ಕೇಳಿಸಿಕೊಳ್ಳುವವಳು. ಗುಣಗಳ ಸಾಲಿನಲ್ಲಿ ದೋಷವೊಂದನ್ನೂ ಸೇರಿಸಬೇಕೆಂದರೆ, ಅಳೆದು ಕತ್ತರಿಸಿ ಹೊಲಿಯಲಾಗದ ವಸ್ತುವೊಂದು ಈ ಲೋಕದಲ್ಲಿದೆಯೆಂದು ಸುತರಾಂ ಒಪ್ಪದವಳು: ಇಂತಹ ಹೆಣ್ಣುಮಗಳೊಬ್ಬಳು ಊರಿನ ಕಡೆಯ ಬೀದಿಯು ಮುಗಿದು ಹೊಲಗಳು ಮೊದಲಾಗುವ ಎಡೆಯಲ್ಲಿ, ಮೂರು ಕೋಣೆಯ ಮನೆಯಲ್ಲಿ ಬಾಳುತ್ತಿದ್ದಳು.

ಊರವರಿಗೆ ಅವಳು ಗುಂಡಿಯಕ್ಕ. ಎದುರಿಗೆ ನಿಂತವನ ಅಂಗಿಯಲ್ಲಿ ಗುಂಡಿಯೊಂದು ಉದುರಿದ್ದರೆ ಅದನ್ನು ಕಂಡೂ ಸುಮ್ಮನಿರುವುದು ಅವಳಿಂದಾಗದು. ನೀರಿನ ಬಿಲ್ಲು ತಂದವನಾಗಲಿ, ದಾರಿ ತಪ್ಪಿ ಬಂದವನಾಗಲಿ, ಜಗಳಕ್ಕೆಂದೇ ಬಂದವನಾಗಲಿ, "ಸ್ವಲ್ಪ ಅಲ್ಲಾಡದೆ ನಿಂತ್ಕೋ" ಎಂದು ಸೆರಗಿಗೆ ಸಿಕ್ಕಿಸಿಕೊಂಡಿದ್ದ ಸೂಜಿಯನ್ನು ತೆಗೆದು, ತೊಟ್ಟ ಅಂಗಿಯ ಮೇಲೆಯೇ ಗುಂಡಿ ಹಚ್ಚಿ, ದಾರವನ್ನು ಹಲ್ಲಿನಲ್ಲಿ ಕಡಿದು ಕಳಿಸುವಳು. ಎದೆಯ ಬಳಿ ಸೂಜಿ ಆಡುತ್ತಿರುವಾಗ ಜಗಳವಾಡುವ ಧೈರ್ಯ ಯಾರಿಗಿದೆ? ಹೀಗೆ ಅನೇಕ ವ್ಯಾಜ್ಯಗಳು ಅವಳ ಹೊಸ್ತಿಲಲ್ಲಿಯೇ ಇತ್ಯರ್ಥವಾದವು.

ಮನೆಯಲ್ಲಿ ಅವಳ ಗಂಡನಿದ್ದನು. ಅವನು ಅಂಚೆಯವನು, ಊರೆಲ್ಲ ಸುತ್ತಿ ಪರರ ಸುದ್ದಿಯನ್ನು ಹೊತ್ತು ತಂದರೂ ತನ್ನ ಅಭಿಪ್ರಾಯವೊಂದನ್ನು ಮಾತ್ರ ಯಾರಿಗೂ ಬಟವಾಡೆ ಮಾಡಿದವನಲ್ಲ. ಏನು ಕೇಳಿದರೂ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ "ನೋಡೋಣ" ಎನ್ನುವನು. ಅವನ ತಾಯಿಯಿದ್ದಳು; ಗುಂಡಿಯಕ್ಕನಿಗೆ ಮೊದಲು ಸೂಜಿಯನ್ನು ಹಿಡಿಯಲು ಕಲಿಸಿದ ಗುರು ಈ ಅತ್ತೆಯೇ. ಈಗ ಅತ್ತೆಯ ಕಣ್ಣು ಮಂದವಾಗಿ, ಸೂಜಿಯ ಮೊನಚೆಲ್ಲ ನಾಲಿಗೆಗೆ ಬಂದಿತ್ತು. ಎರಡು ಮನೆಗಳಾಚೆ ಗುಂಡಿಯಕ್ಕನ ಅಣ್ಣನಿದ್ದನು, ಬಡಗಿ. ಇವರಲ್ಲದೆ ಹಿತ್ತಿಲಿನಲ್ಲಿ ಮೂರು ಮೇಕೆಗಳೂ, ಬಾಲ ಮೊಂಡಾದ ನಾಯಿಯೊಂದೂ, ಮೊಟ್ಟೆಯನ್ನು ಎಲ್ಲಿ ಇಡುತ್ತೇವೆಂಬುದನ್ನು ಗುಟ್ಟಾಗಿಡುವ ಐದು ಕೋಳಿಗಳೂ ಇದ್ದವು. ಮಳೆ ಬಂದರೆ ಇವೆಲ್ಲ ಅಡುಗೆಮನೆಗೆ ನುಗ್ಗುತ್ತಿದ್ದವು. "ನಮ್ಮನೆ ಒಲೆ ಮುಂದೆ ನನಗೊಬ್ಬಳಿಗೇ ಜಾಗ ಇಲ್ಲ" ಎಂದು ಅತ್ತೆ ಗೊಣಗುವಳು. ಗೊಣಗುತ್ತಲೇ ಮೇಕೆಮರಿಗೆ ತನ್ನ ಹೊದಿಕೆಯ ಅಂಚನ್ನು ಬಿಟ್ಟುಕೊಡುವಳು.

ಇವರ ಹೊಲದಾಚೆ ಇಟ್ಟಿಗೆಯ ಗೂಡೊಂದಿತ್ತು. ಅಲ್ಲಿ ಇಟ್ಟಿಗೆ ಸಾಗಿಸುತ್ತಿದ್ದ ಒಬ್ಬಂಟಿ ಗಂಡಸೊಬ್ಬನಿಗೆ ಹೆಣ್ಣುಕತ್ತೆಯೊಂದೇ ಸಂಸಾರ. ಹದಿನಾರು ವರ್ಷ ಇಬ್ಬರೂ ಕೂಡಿ ಇಟ್ಟಿಗೆ ಹೊತ್ತಿದ್ದರು. ಯಾರು ಎಷ್ಟು ಕೂಗಿದರೂ ತನ್ನ ನಡಿಗೆಯನ್ನು ಒಂದು ಹೆಜ್ಜೆಯಷ್ಟೂ ಚುರುಕುಗೊಳಿಸದ ಆ ಕತ್ತೆಗೆ ಅವನು ದೊರೆಸಾನಿ ಎಂದು ಹೆಸರಿಟ್ಟಿದ್ದನು. ಒಮ್ಮೆ ಒಣಹಾಕಿದ ಇಟ್ಟಿಗೆಯ ಒಟ್ಟಿಲು ಕುಸಿದು ದೊರೆಸಾನಿಯ ಬಲಗಣ್ಣು ಹೋಯಿತು. ಅಂದಿನಿಂದ ಅವಳಿಗೆ ಸೂರಿನ ಕೆಳಗೆ ನಿಲ್ಲುವುದೆಂದರೆ ಆಗದು. ಮಳೆಯಲ್ಲಿ ನೆನೆದು ನಡುಗಿಯಾಳು, ಒಳಗೆ ಬಾರಳು. ಹೇರಿನ ತಡಿ ಉಜ್ಜಿ ಉಜ್ಜಿ ಅವಳ ಪಕ್ಕೆಗಳ ಮೇಲೆ ಮಾಯದ ಗಾಯಗಳಿದ್ದವು. ಮುಂಗಾಲಿನ ಮಂಡಿಯೊಂದು ಊದಿಕೊಂಡಿತ್ತು.

ಆ ವರ್ಷ ಗೂಡಿನ ಮಣ್ಣು ಮುಗಿಯಿತು. ಕೆಲಸದವರನ್ನೆಲ್ಲ ನಾಲ್ಕು ದಿನದ ದಾರಿಯಾಚೆಯ ಇನ್ನೊಂದು ಗೂಡಿಗೆ ಲಾರಿಯಲ್ಲಿ ಒಯ್ಯುವುದೆಂದು ತೀರ್ಮಾನವಾಯಿತು. ಲಾರಿಯಲ್ಲಿ ಕತ್ತೆಗೆ ಜಾಗವಿಲ್ಲ. ನಡೆಸಿಕೊಂಡು ಹೋದರೆ? ಪಶುವೈದ್ಯನು ಮಂಡಿಯನ್ನು ಒತ್ತಿ ನೋಡಿ, "ಎರಡನೇ ದಿನಕ್ಕೆ ಕೂತುಬಿಡುತ್ತೆ. ಕೂತದ್ದು ಮತ್ತೆ ಏಳಲ್ಲ" ಎಂದನು.

ಗೂಡಿನವನು ಆ ಸಂಜೆ ಗುಂಡಿಯಕ್ಕನ ಬಾಗಿಲಿಗೆ ಬಂದು ಏನೂ ಕೇಳದೆ ನಿಂತನು. ಅವನ ಅಂಗಿಯ ಗುಂಡಿಗಳು ನೆಟ್ಟಗಿದ್ದವು, ಮುಖ ನೆಟ್ಟಗಿರಲಿಲ್ಲ. ವಿಷಯವನ್ನೆಲ್ಲ ಹೊರಡಿಸಿಕೊಂಡು ಗುಂಡಿಯಕ್ಕ ಹೇಳಿದಳು: "ಇಲ್ಲೇ ಬಿಟ್ಟು ಹೋಗು. ಮೂರಿದ್ದ ಕಡೆ ನಾಲ್ಕು."

"ಬಿಡ್ತೀನಿ ಅಕ್ಕ. ಆದ್ರೆ ಮಳೆಗೆ ಹೊರಗೇ ನಿಂತ್ರೆ ಈ ಸಲ ಉಳಿಯಲ್ಲ ಅವಳು. ಕಟ್ಟಿಹಾಕಿ ಒಳಗೆ ತಳ್ಳಿದ್ರೆ ಹಗ್ಗ ಹರ್ಕೊಂಡು ಕಾಲು ಮುರ್ಕೋತಾಳೆ. ತಾನಾಗಿ ಒಳಗೆ ಹೋಗಿ ನಿಲ್ಲೋ ಅಂಥ ಸೂರು ಇದ್ರೆ ಬಿಡ್ತೀನಿ. ಇಲ್ದಿದ್ರೆ... ಲಾರಿ ಬಿಟ್ಟು ಅವಳ ಜೊತೆ ನಾನೂ ನಡೀತೀನಿ. ಎಲ್ಲಿ ಕೂರ್ತಾಳೋ ಅಲ್ಲೇ ಪಕ್ಕದಲ್ಲಿ ಇರ್ತೀನಿ. ಪರಸ್ಥಳದಲ್ಲಿ ಒಬ್ಬಳೇ ಸಾಯ್ಬಾರದು."

"ಎಷ್ಟು ದಿನ ಇದೆ?"

"ಇನ್ನು ಮೂರು ವಾರ."

"ಮೂರು ವಾರದಲ್ಲಿ ನಾನು ಒಂದು ಮದುವೆಮನೆಯ ಬಟ್ಟೆಯನ್ನೆಲ್ಲ ಹೊಲಿದುಕೊಟ್ಟಿದ್ದೀನಿ. ಒಂದು ಕೊಟ್ಟಿಗೆ ಏನು ಮಹಾ?" ಎಂದಳು ಗುಂಡಿಯಕ್ಕ.

ಒಳಗಿನಿಂದ ಅತ್ತೆಯ ದನಿ ಬಂದಿತು: "ಕೇಳಿದ್ಯೇನೋ ಮಗನೇ? ನಮಗೇ ಮಲಗೋಕೆ ಜಾಗ ಇಲ್ಲ, ನಿನ್ನ ಹೆಂಡ್ತಿ ಕತ್ತೆಗೆ ಅರಮನೆ ಕಟ್ಟಿಸ್ತಾಳಂತೆ. ಮೂಗಿಗಿಂತ ಮೂಗುತಿ ಭಾರ!"

"ನೋಡೋಣ" ಎಂದನು ಅಂಚೆಯವನು. ಮರುದಿನ ಬೆಳಗ್ಗೆ ಅವನು ಕೆಲಸಕ್ಕೆ ಹೊರಡುವ ಮೊದಲು ರಸ್ತೆಗೆ ತೆರೆದಿದ್ದ ಹಿತ್ತಿಲಿನ ಅಂಗಳದ ಕಲ್ಲುಗಳನ್ನು ಆರಿಸಿ ಒಂದು ಮೂಲೆಗೆ ರಾಶಿ ಹಾಕಿರುವುದು ಕಂಡುಬಂದಿತು. ಅವನ "ನೋಡೋಣ"ದ ಅರ್ಥವನ್ನು ಕೈಗಳಲ್ಲಿಯೇ ಹುಡುಕಬೇಕಾಗಿತ್ತು.

ಕೆಲಸ ಮೊದಲಾಯಿತು. ಗೂಡಿನವನು ಹಸಿ ಇಟ್ಟಿಗೆ ಒಣಗಿಸುತ್ತಿದ್ದ ಹಲಗೆಗಳನ್ನೂ ಹಳೆಯ ತಗಡುಗಳನ್ನೂ ಗೂಡಿನ ಯಜಮಾನನಿಂದ ಬೇಡಿ ತಂದನು. ಆ ಹಲಗೆಗಳೊಡನೆ ಬಂದ ಡೊಂಕು ಮೊಳೆಗಳನ್ನು ಅತ್ತೆ ಹೊಸ್ತಿಲ ಮೇಲೆ ಕುಳಿತು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ನೆಟ್ಟಗೆ ಮಾಡುತ್ತಿದ್ದಳು. ಕಣ್ಣು ಕಾಣದಿದ್ದರೂ ಮೊಳೆಯನ್ನು ಬೆರಳುಗಳ ನಡುವೆ ಉರುಳಿಸಿದರೆ ಡೊಂಕು ಎಲ್ಲಿದೆಯೆಂಬುದು ಅವಳಿಗೆ ತಿಳಿಯುತ್ತಿತ್ತು. "ಇದು ನಿಮ್ಮಪ್ಪನ ಹಾಗೆ, ಎಷ್ಟು ಬಡಿದ್ರೂ ನೆಟ್ಟಗಾಗ್ತಾ ಇಲ್ಲ" ಎಂದು ಮಗನಿಗೆ ಒಂದೊಂದು ಮೊಳೆಯ ವಂಶಾವಳಿಯನ್ನು ವಿವರಿಸುವಳು. ಅಂಚೆಯವನು ಬಟವಾಡೆ ಮುಗಿಸಿ ಬಂದು ಕಂಬಗಳಿಗೆ ಕುಳಿ ತೋಡುವನು. ಹತ್ತಾಳಿನ ಹುಲ್ಲುಕಡ್ಡಿ ಒಬ್ಬನ ತಲೆಗೆ ಹೊರೆ ಎಂಬಂತೆ, ದಾರಿಯಲ್ಲಿ ಹೋಗುವವರೂ ಒಂದೊಂದು ಹಲಗೆಗೆ ಕೈಹಚ್ಚಿ, ಒಂದೊಂದು ಬುದ್ಧಿಮಾತು ಹೇಳಿ, ಗುಂಡಿ ಉದುರಿದ್ದವರು ಗುಂಡಿ ಹಚ್ಚಿಸಿಕೊಂಡು ಹೋದರು.

ಆದರೆ ಕೊಟ್ಟಿಗೆಯ ನಕ್ಷೆ ಹೇಗಿರಬೇಕೆಂಬುದನ್ನು ತೀರ್ಮಾನಿಸಿದವಳು ಗುಂಡಿಯಕ್ಕನೇ. "ಕೊಟ್ಟಿಗೆ ಅಂದ್ರೆ ಏನಣ್ಣ? ನಾಲ್ಕು ತುಂಡಿನ ಅಂಗಿ. ಎದೆ, ಬೆನ್ನು, ಎರಡು ಪಕ್ಕ. ಮೇಲೊಂದು ಟೋಪಿ."

"ಒಳಗೆ ಕತ್ತೆ" ಎಂದು ಬಡಗಿ ಪೂರೈಸಿದನು.

ಅವಳು ಟೇಪು ಹಿಡಿದು ಗೂಡಿಗೆ ಹೋಗಿ ದೊರೆಸಾನಿಯ ಎತ್ತರವನ್ನೂ, ಉದ್ದವನ್ನೂ, ಎದೆಯ ಸುತ್ತಳತೆಯನ್ನೂ, ಮಲಗಿದಾಗ ಕಾಲು ಚಾಚುವ ಅಗಲವನ್ನೂ ತೆಗೆದು, ನೋಟುಪುಸ್ತಕದಲ್ಲಿ ಒಬ್ಬ ಶಾಲಾಮಾಸ್ತರನ ಕೋಟಿಗೂ ಒಬ್ಬ ನರ್ಸಮ್ಮನ ಸಮವಸ್ತ್ರಕ್ಕೂ ನಡುವಣ ಪುಟದಲ್ಲಿ ಬರೆದುಕೊಂಡಳು. ಅಳತೆ ಕೊಡುವಾಗ ದೊರೆಸಾನಿ ಅಲ್ಲಾಡಲಿಲ್ಲ. "ನಮ್ಮೂರಿನ ಹೆಂಗಸರಿಗಿಂತ ಎಷ್ಟೋ ವಾಸಿ. ಇವಳು ಹೊಟ್ಟೆ ಒಳಗೆ ಎಳ್ಕೊಳ್ಳಲಿಲ್ಲ" ಎಂದು ಗುಂಡಿಯಕ್ಕ ಮೆಚ್ಚಿದಳು.

ಅಳತೆ ತೆಗೆಯುವಾಗಲೇ ಅವಳಿಗೊಂದು ಉಪಾಯ ಹೊಳೆದಿತ್ತು. ಬಲಗಣ್ಣಿಲ್ಲದ ಪ್ರಾಣಿ. ಬಾಗಿಲನ್ನು ಮುಂಗೋಡೆಯ ನಟ್ಟನಡುವೆ ಇಟ್ಟರೆ ಬಲಗಡೆ ಏನಿದೆಯೋ ಎಂದು ಅದಕ್ಕೆ ಭಯ. ಅದೇ ಬಾಗಿಲನ್ನು ಬಲಗಡೆಯ ತುದಿಗೆ ಇಟ್ಟರೆ, ಒಳಗೆ ಕಾಲಿಡುವಾಗ ಕುರುಡುಕಣ್ಣಿನ ಪಕ್ಕಕ್ಕೆ ಗೋಡೆ ಒತ್ತಾಸೆಯಾಗಿರುತ್ತದೆ. ಒಳಗಿನ ಜಾಗವೆಲ್ಲ ಎಡಗಣ್ಣಿಗೆ ತೆರೆದು ಕಾಣುತ್ತದೆ. "ಬಾಗಿಲು ಬಲಕ್ಕೆ" ಎಂದು ಅವಳು ಅಂದಿನಿಂದ ಜಪದಂತೆ ಹೇಳಿಕೊಳ್ಳತೊಡಗಿದಳು. ಯಾಕೆಂದು ಮಾತ್ರ ಯಾರಿಗೂ ಬಿಡಿಸಿ ಹೇಳಲಿಲ್ಲ. ಕತ್ತೆಯ ಕಣ್ಣಿನ ಕುಂದನ್ನು ಊರೆಲ್ಲ ಆಡಿಕೊಳ್ಳುವುದು ಅವಳಿಗೆ ಬೇಕಿರಲಿಲ್ಲ.

ನಾಲ್ಕು ಹಳೆಯ ಹಾಸುಬಟ್ಟೆಗಳನ್ನು ಜೋಡಿಸಿ ಹೊಲಿದು, ಅಂಗಳದಲ್ಲಿ ಹಾಸಿ, ಮೊಣಕಾಲೂರಿ, ಸೀಮೆಸುಣ್ಣದಿಂದ ಗೋಡೆಗಳ ಪೂರ್ಣ ಅಳತೆಯ ಗುರುತು ಹಾಕಿದಳು. ಅಂಚಿಗೆ ನಾಲ್ಕು ಬೆರಳು ಹೆಚ್ಚು ಬಿಟ್ಟಳು. "ಇದ್ಯಾಕೆ?" ಎಂದು ಬಡಗಿ ಕೇಳಿದನು. "ಬೆಳೆಯೋರಿಗೆ ಸ್ವಲ್ಪ ಬಿಟ್ಟು ಹೊಲೀಬೇಕು ಅಣ್ಣ." "ಇಪ್ಪತ್ತು ವರ್ಷದ ಕತ್ತೆ ಇನ್ನೆಲ್ಲಿ ಬೆಳೆಯುತ್ತೆ ತಾಯಿ?" "ನಿನ್ನ ಹೊಟ್ಟೆ ಐವತ್ತಾದ ಮೇಲೆ ಬೆಳೀಲಿಲ್ವಾ?" ಬಡಗಿ ಗರಗಸವನ್ನು ಎತ್ತಿಕೊಂಡನು. ಬಟ್ಟೆಯನ್ನು ಎದುರಿಗೆ ಹಾಸಿಕೊಂಡು, ಹಲಗೆಗಳ ನುಣುಪಾದ ಮುಖವನ್ನು ಮೇಲೆ ಮಾಡಿ, ಅದರಲ್ಲಿದ್ದ ಗುರುತನ್ನು ಹಾಗೆಯೇ ಹಲಗೆಗೆ ಇಳಿಸಿ ಕೊಯ್ದನು. ಆಮೇಲೆ ಹಲಗೆಗಳನ್ನು ಮಗುಚಿ, ಬೆನ್ನಿಗೆ ದಪ್ಪ ಅಡ್ಡಪಟ್ಟಿಗಳನ್ನು ಬಡಿದು, ಒಂದೊಂದು ಗೋಡೆಯನ್ನೂ ಒಂದೊಂದು ತುಂಡಾಗಿ ಸಿದ್ಧಪಡಿಸಿದನು. ಅವನ ಕೆಲಸದಲ್ಲಿ ಪಟ್ಟಿ, ಮೊಳೆಯ ಮೊನೆ, ಬೆಸುಗೆ ಯಾವುದೂ ಹೊರಗೆ ಕಾಣಬಾರದು. ಅಂಗಿಯ ಹೊರಮೈಯಲ್ಲಿ ಹೊಲಿಗೆ ಕಾಣುವುದನ್ನು ತಂಗಿ ಎಷ್ಟು ಹೇಸುವಳೋ ಅಷ್ಟೇ ಇದನ್ನು ಅಣ್ಣ ಹೇಸುವನು. ಒಂದೇ ಬಳ್ಳಿಯ ಎರಡು ಕಾಯಿ.

ಗೋಡೆ ನಿಲ್ಲಿಸುವ ದಿನ ಎಲ್ಲರೂ ಸೇರಿದರು. ಗಂಡಸರು ಹೊರಗಿನಿಂದ ಎತ್ತಿದರು. ಗುಂಡಿಯಕ್ಕ ಒಳಗೆ ನಿಂತು ಆನಿಸಿ ಹಿಡಿದಳು. ಬಾಗಿಲಿನ ಜಾಗ ಅವಳ ಬಲಕ್ಕೇ ಇತ್ತು. "ಬಾಗಿಲು ಬಲಕ್ಕೆ, ಸರಿ" ಎಂದು ತಲೆಯಾಡಿಸಿದಳು. ಬಡಗಿ ಬೋಲ್ಟು ಬಿಗಿದನು. ತಗಡು ಏರಿತು. ಗೋಣಿಯಿಂದ ಅವಳು ಹೊಲಿದ ಪರದೆ ಬಾಗಿಲಿಗೆ ಇಳಿಯಿತು. ಅದರ ಅಂಚಿನಲ್ಲಿ ಹೊಲಿಗೆ ಎಲ್ಲಿದೆಯೆಂದು ದೇವರೇ ಹುಡುಕಬೇಕಾಗಿತ್ತು. ಲಾರಿ ಹೊರಡುವುದಕ್ಕೆ ಒಂದು ದಿನ ಉಳಿದಿತ್ತು. ಮೇಕೆಗಳು ಆ ಸಂಜೆಯೇ ಒಳಹೊಕ್ಕು, ಈ ಮನೆ ತಾತನ ಕಾಲದಿಂದ ತಮ್ಮದೇ ಎಂಬಂತೆ ಒರಗಿಕೊಂಡವು.

ಮರುದಿನ ಬೆಳಗ್ಗೆ ಗೂಡಿನವನು ದೊರೆಸಾನಿಯನ್ನು ಕರೆತಂದನು. ಲಾರಿ ಸಂಜೆಗೆ. ಮೋಡಗಳು ದಿಗಂತದಲ್ಲಿ ಒಂದರ ಮೇಲೊಂದು ಒಟ್ಟಿಕೊಳ್ಳುತ್ತಿದ್ದವು. ಅವನು ಹಗ್ಗವನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡು ದೂರ ನಿಂತನು.

ದೊರೆಸಾನಿ ಅಂಗಳದ ನಡುವೆ ಮೂಗನ್ನೆತ್ತಿದಳು. ಹಲಗೆಗಳಲ್ಲಿ ಇಟ್ಟಿಗೆಯ ಮಣ್ಣಿನ ವಾಸನೆಯಿತ್ತು. ಅದು ಅವಳ ಹದಿನಾರು ವರ್ಷದ ವಾಸನೆ. ಅದನ್ನು ಹಿಡಿದು ಒಂದೊಂದೇ ಹೆಜ್ಜೆಯಿಟ್ಟು ಬಾಗಿಲವರೆಗೆ ಬಂದಳು. ಮುಂಗಾಲೊಂದನ್ನು ಒಳಗಿಟ್ಟಳು. ಆಗ ಒಳಗೆ ಮೇಕೆಯೊಂದು ಕದಲಿತು. ದೊರೆಸಾನಿ ಸಿಡಿದು ಹಿಂದಕ್ಕೆ ಬಂದು, ನಡುಗುತ್ತ ಬೇಲಿಯ ಬಳಿ ನಿಂತಳು.

ಮೇಕೆಗಳನ್ನು ಹೊರಗೆ ಅಟ್ಟಿ ನೋಡಿದರು. ಬಂದಳು, ಕಾಲಿಟ್ಟಳು, ಹಿಂದಕ್ಕೆ ಸಿಡಿದಳು. ಹುಲ್ಲಿಟ್ಟು ನೋಡಿದರು. ಕತ್ತನ್ನು ಚಾಚಿ ಸಿಕ್ಕಷ್ಟನ್ನು ಎಳೆದು ಹೊರಗೇ ತಿಂದಳು. ಪರದೆಯನ್ನು ಬಿಚ್ಚಿ ನೋಡಿದರು. ಇಲ್ಲ.

"ಕತ್ತೆಗೇನು ಗೊತ್ತು ಕಸ್ತೂರಿ ವಾಸನೆ" ಎಂದಳು ಅತ್ತೆ, ಆದರೆ ಆ ಮಾತಿನಲ್ಲಿ ಎಂದಿನ ಖಾರವಿರಲಿಲ್ಲ.

ಗೂಡಿನವನು ಹೆಗಲಿನ ಹಗ್ಗವನ್ನು ಕೈಗೆ ತೆಗೆದುಕೊಂಡನು. "ನಿಮ್ಮ ತಪ್ಪಲ್ಲ ಅಕ್ಕ. ಅವಳ ಹಣೇಲಿ ಇದ್ದದ್ದು ಅಷ್ಟೇ. ನಾನು ಮಧ್ಯಾಹ್ನವೇ ಹೊರಡ್ತೀನಿ, ಮೋಡ ಇದೆ, ತಂಪಲ್ಲಿ ನಡೆಯೋಕಾಗುತ್ತೆ."

"ಸಂಜೆ ಲಾರಿ ಅಂದೆ ತಾನೇ? ಸಂಜೆವರೆಗೂ ಅವಳು ನನ್ನ ಗಿರಾಕಿ" ಎಂದಳು ಗುಂಡಿಯಕ್ಕ. ಮೂವತ್ತು ವರ್ಷದ ಹೊಲಿಗೆಯಲ್ಲಿ ಅವಳು ಕಂಡುಕೊಂಡ ಸತ್ಯವೊಂದಿತ್ತು: ಅಂಗಿ ಹಿಡಿಸುತ್ತಿಲ್ಲ ಎನ್ನುವವರು ಎಲ್ಲಿ ಹಿಡಿಯುತ್ತದೆಂದು ಹೇಳಲಾರರು; ಅದನ್ನು ದರ್ಜಿಯೇ ಕಂಡುಹಿಡಿಯಬೇಕು. ಮಾತು ಬಲ್ಲ ಗಿರಾಕಿಗಳೇ ಹೀಗಿರುವಾಗ ಮೂಕಪ್ರಾಣಿಯನ್ನು ದೂರುವುದೇನು?

ಅವಳು ಅಂಗಳದ ನಡುವೆ, ಕತ್ತೆ ನಿಂತಿದ್ದ ಜಾಗದಲ್ಲಿ ನಿಂತಳು. ಸೊಂಟ ಬಗ್ಗಿಸಿ, ಅಂಗೈಯಿಂದ ಬಲಗಣ್ಣನ್ನು ಮುಚ್ಚಿಕೊಂಡು, ಕತ್ತನ್ನು ಮುಂಚಾಚಿ, ಒಂದೊಂದೇ ಹೆಜ್ಜೆಯಿಟ್ಟು ಬಾಗಿಲ ಕಡೆಗೆ ನಡೆದಳು.

"ಅಯ್ಯೋ ದೇವರೇ! ಕತ್ತೆಗೆ ಮನೆ ಕಟ್ಟಿ ಕಟ್ಟಿ ಸೊಸೆ ತಾನೇ ಕತ್ತೆಯಾದಳು" ಎಂದು ಅತ್ತೆ ಹಣೆಗೆ ಕೈಯಿಟ್ಟುಕೊಂಡಳು. ಮಂದಗಣ್ಣಿಗೂ ಆ ದೃಶ್ಯ ಕಂಡಿತ್ತು.

"ಒದೀತಾಳೆ, ದೂರ ನಿಲ್ಲಿ ಭಾವ" ಎಂದನು ಬಡಗಿ. ಅಂಚೆಯವನು ನಿಜವಾಗಿಯೂ ಒಂದು ಹೆಜ್ಜೆ ಹಿಂದಕ್ಕೆ ಸರಿದನು.

ಗುಂಡಿಯಕ್ಕ ಯಾರ ಮಾತನ್ನೂ ಕೇಳಿಸಿಕೊಳ್ಳಲಿಲ್ಲ. ಒಳಗೆ ಕಾಲಿಟ್ಟಳು. ತೆರೆದಿದ್ದ ಎಡಗಣ್ಣಿನ ಮುಂದೆ, ಮೂಗಿಗೆ ತಾಗುವಷ್ಟು ಹತ್ತಿರದಲ್ಲಿ, ಗೋಡೆ. ಅದರ ಅಡ್ಡಪಟ್ಟಿ ಅವಳ ಭುಜವನ್ನು ತರಚಿತು. ಮುಚ್ಚಿದ ಬಲಗಣ್ಣಿನ ಕಡೆಗೋ, ಕತ್ತಲು. ಎಷ್ಟು ದೂರವೆಂದು ತಿಳಿಯದ, ಏನಿದೆಯೆಂದು ತಿಳಿಯದ ಕತ್ತಲು. ಹಿಂದೆಯೇ ನುಗ್ಗಿ ಬಂದ ಮೇಕೆಯೊಂದು ಆ ಕತ್ತಲಿನಿಂದ ಅವಳ ಬಲಮೊಣಕಾಲಿಗೆ ಮೂಗು ಒತ್ತಿತು. ಗುಂಡಿಯಕ್ಕ ಕಿರುಚಿ, ಥೇಟ್ ದೊರೆಸಾನಿಯಂತೆಯೇ ಸಿಡಿದು ಹೊರಗೆ ಬಂದಳು.

"ಅಣ್ಣ! ಬಾಗಿಲು ಎಡಕ್ಕಿದೆ!"

"ಎಡಕ್ಕೇ ತಾನೇ ನೀನು ಗುರುತು ಹಾಕಿದ್ದು?"

"ಬಲಕ್ಕೆ ಅಂತ ದಿನಕ್ಕೆ ಹತ್ತು ಸಲ ಬಾಯಿ ಬಡ್ಕೊಂಡೆ!"

"ನೀನು ಬಾಯಲ್ಲಿ ಏನು ಬಡ್ಕೊಂಡ್ರೂ ನಾನು ಕೊಯ್ಯೋದು ಗುರುತು ನೋಡಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ತಾ, ಬಟ್ಟೆ ತಾ."

ಬಟ್ಟೆ ಬಂದಿತು, ಅಂಗಳದಲ್ಲಿ ಹಾಸಿದರು. ಸೀಮೆಸುಣ್ಣದ ಗೆರೆ ಸಾಕ್ಷಿ ನುಡಿಯಿತು: ಬಾಗಿಲು ಎಡಕ್ಕೇ ಇತ್ತು. ಬಡಗಿ ಎರಡೂ ಕೈಗಳನ್ನು ಸೊಂಟದ ಮೇಲಿಟ್ಟು ನಿಂತನು. ಗುಂಡಿಯಕ್ಕ ಬಟ್ಟೆಯ ಒಂದು ಮೂಲೆಯನ್ನು ಎತ್ತಿ, ಮಗುಚಿ ನೋಡಿದಳು, ಮತ್ತೆ ಬಿಟ್ಟಳು. ಬಟ್ಟೆಗಳನ್ನು ಜೋಡಿಸಿದ ಹೊಲಿಗೆಯ ಅಂಚುಗಳು ಮೇಲ್ಮುಖವಾಗಿ ಎದ್ದು ನಿಂತಿದ್ದವು. ಅವಳ ಮುಖದ ಬಣ್ಣ ಇಳಿಯಿತು.

ದರ್ಜಿಯು ಎಂದಿಗೂ ಬಟ್ಟೆಯ ಹೊರಮೈಗೆ ಸುಣ್ಣ ತಾಗಿಸಳು. ಕಲೆ ಉಳಿದೀತೆಂದು ಒಳಮೈಯನ್ನೇ ಮೇಲೆ ಮಾಡಿ ಗುರುತು ಹಾಕುವಳು. ಹೊಲಿದು ಮುಗಿದ ಮೇಲೆ ಅಂಗಿಯನ್ನು ತಿರುವಿಹಾಕಿದಾಗ ಎಡ ಬಲವಾಗಿ, ಬಲ ಎಡವಾಗಿ, ಎಲ್ಲವೂ ತನ್ನ ಜಾಗಕ್ಕೆ ಬರುವುದು. ಬಡಗಿಯಾದರೋ ಗುರುತು ಹಾಕುವುದೂ ಮುಖಕ್ಕೆ, ಓದುವುದೂ ಮುಖವೆಂದೇ. ಅವಳು ಒಳಮೈಯೆಂದು ಬರೆದುದನ್ನು ಅವನು ಹೊರಮೈಯೆಂದು ಓದಿದನು. ಅವಳ ಕಸುಬಿನಲ್ಲಿ ಅವಳು ಸರಿ, ಅವನ ಕಸುಬಿನಲ್ಲಿ ಅವನು ಸರಿ. ಇಬ್ಬರ ಸರಿಯೂ ಕೂಡಿ ಒಂದು ತಪ್ಪಾಗಿತ್ತು. ಗೋಡೆ ನಿಲ್ಲಿಸಿದ ದಿನ ಅವಳು ಒಳಗೆ ನಿಂತು ನೋಡಿದ್ದರಿಂದ ಎಡವೇ ಬಲವಾಗಿ ಕಂಡಿತ್ತು.

"ನನ್ನದೇ ಅಣ್ಣ. ಒಳಮೈಗೆ ಬರೆದೆ, ನಿನಗೆ ಹೇಳಲಿಲ್ಲ" ಎಂದಳು.

ಬಡಗಿಯ ಸಿಟ್ಟು ಅಷ್ಟಕ್ಕೇ ಇಳಿಯಿತು. "ಹೋಗ್ಲಿ ಬಿಡು. ನಾನೂ ಕೇಳಲಿಲ್ಲ. ಆದ್ರೆ ಈಗ ಹೊಸ ಮುಂಗೋಡೆ ಕೊಯ್ಯೋಕೆ ಹಲಗೆ ಎಲ್ಲಿದೆ? ಇದ್ರೂ ಎರಡು ದಿನದ ಕೆಲಸ."

ಗೂಡಿನವನು ಮೋಡವನ್ನು ನೋಡುತ್ತಿದ್ದನು. ದೊರೆಸಾನಿ ಊದಿದ ಕಾಲನ್ನು ನೆಲಕ್ಕೂರದೆ ನಿಂತಿದ್ದಳು. ಆ ಕಾಲನ್ನೇ ಗುಂಡಿಯಕ್ಕ ದಿಟ್ಟಿಸಿದಳು. ನಾಲ್ಕು ದಿನದ ದಾರಿ, ಎರಡನೆಯ ದಿನ.

"ಅಂಗಿ ಆಗಿದ್ರೆ ಏನು ಮಾಡ್ತಿದ್ದೆ ನಾನು?" ಎಂದಳು ತನಗೆ ತಾನೇ ಹೇಳಿಕೊಂಡಂತೆ. "ತಿರುವಿಹಾಕ್ತಿದ್ದೆ. ಅಣ್ಣ, ಮುಂಗೋಡೆ ಬಿಚ್ಚು. ಒಳಗಿನದು ಹೊರಗೆ ಮಾಡಿ ನಿಲ್ಲಿಸೋಣ. ಬಾಗಿಲು ತಾನಾಗೇ ಬಲಕ್ಕೆ ಬರುತ್ತೆ."

ಬಡಗಿ ಅವಳನ್ನು ಕಣ್ಣರಳಿಸಿ ನೋಡಿದನು. "ಪಟ್ಟಿಯೆಲ್ಲ ಹೊರಗೆ ಬರುತ್ತಲ್ಲೇ! ಬೆನ್ನು ಮುಂದೆ ಮಾಡಿ ನಿಲ್ಲಿಸೋದಾ? ರಸ್ತೆಗೆ ಕಾಣೋ ಗೋಡೆ ಅದು. ಬಡಗಿಗೆ ಹಲಗೆಯ ಹಿಂದುಮುಂದು ಗೊತ್ತಿಲ್ಲ ಅಂತ ಊರೆಲ್ಲ ನಗುತ್ತೆ."

"ನನ್ನನ್ನೂ ನೋಡಿ ನಗುತ್ತೆ. ಹೊಲಿಗೆ ಕಂಡ ಬಟ್ಟೆಯನ್ನ ನಾನು ಇವತ್ತಿನವರೆಗೂ ಮನೆಯಿಂದ ಹೊರಗೆ ಕಳಿಸಿಲ್ಲ ಅಣ್ಣ. ನಿನಗೆ ಗೊತ್ತು. ಮಾನ ಹೋದ್ರೆ ಇಬ್ಬರದೂ ಒಟ್ಟಿಗೆ ಹೋಗ್ಲಿ. ಅವಳು ಮಾತ್ರ ಹೋಗೋದು ಬೇಡ."

ಬಡಗಿ ಸ್ವಲ್ಪ ಹೊತ್ತು ತನ್ನ ಗೋಡೆಯ ನುಣುಪಾದ ಮುಖದ ಮೇಲೆ ಕೈಯಾಡಿಸಿದನು. ಆಮೇಲೆ ಸ್ಪ್ಯಾನರು ತೆಗೆದನು.

ಬೋಲ್ಟುಗಳು ಒಂದೊಂದಾಗಿ ಸಡಿಲಿದವು. ಬಡಗಿ ಒಂದು ತುದಿ, ಅಂಚೆಯವನು ಒಂದು ತುದಿ, ನಡುವೆ ಗೂಡಿನವನು ಮತ್ತು ಗುಂಡಿಯಕ್ಕ. ಗೋಡೆ ಮೇಲೆದ್ದಿತು, ಅಂಗಳದ ನಡುವೆ ದೊಡ್ಡ ಪುಸ್ತಕದ ಹಾಳೆಯಂತೆ ಮೆಲ್ಲನೆ ಮಗ್ಗುಲು ತಿರುಗಿತು. "ಎಡಕ್ಕೆ ತಿರುಗಿಸ್ಬೇಕೋ ಬಲಕ್ಕೋ?" ಎಂದು ಅಂಚೆಯವನು ಕೇಳಿದನು, ಭಾರ ಹೊತ್ತು ಏದುಸಿರು ಬಿಡುತ್ತಿದ್ದವರೆಲ್ಲ ನಕ್ಕು ಗೋಡೆ ಕೈಜಾರುವುದರಲ್ಲಿತ್ತು. "ಇಷ್ಟು ವರ್ಷಕ್ಕೆ ಒಂದು ಪ್ರಶ್ನೆ ಕೇಳಿದ, ಅದೂ ಈ ಹೊತ್ತಿನಲ್ಲಿ" ಎಂದು ಹೊಸ್ತಿಲಿನಿಂದ ಅತ್ತೆ ಶಪಿಸಿದಳು. ಗೋಡೆ ಕಂಬಕ್ಕೆ ಮತ್ತೆ ಆತುಕೊಂಡಿತು. ಬೋಲ್ಟಿನ ತೂತುಗಳು ಒಂದಕ್ಕೊಂದು ಕೂಡಿದವು. ನಾಲ್ಕು ಬೆರಳು ಹೆಚ್ಚಾಗಿ ಬಿಟ್ಟಿದ್ದ ಅಂಚು ಈಗ ಸರಿಯಾಗಿ ಒದಗಿಬಂದಿತು. ರಸ್ತೆಯ ಕಡೆಗೆ ಮೂರು ದಪ್ಪ ಪಟ್ಟಿಗಳೂ, ಅತ್ತೆ ನೆಟ್ಟಗೆ ಮಾಡಿದ ಮೊಳೆಗಳ ಮೊನೆಗಳೂ ನಾಚಿಕೆಯಿಲ್ಲದೆ ನಿಂತವು. ಬಡಗಿ ಆ ಮೊನೆಗಳನ್ನೆಲ್ಲ ಬಡಿದು ಮಡಿಸಿದನು.

ಮೊದಲ ಹನಿ ತಗಡಿನ ಮೇಲೆ ಬಿದ್ದಿತು.

ಈ ಸಲ ಯಾರೂ ಕರೆಯಲಿಲ್ಲ, ಹುಲ್ಲನ್ನೂ ತೋರಿಸಲಿಲ್ಲ. ದೊರೆಸಾನಿ ತನ್ನ ಪಾಡಿಗೆ ತಾನು ಬಾಗಿಲವರೆಗೆ ಬಂದಳು. ತಲೆಯನ್ನು ಒಳಗಿಟ್ಟಳು. ಎಡಗಣ್ಣಿಗೆ ಕೊಟ್ಟಿಗೆಯ ಉದ್ದಗಲ, ಮೂಲೆಯ ಹುಲ್ಲು, ಮೆಲುಕುಹಾಕುತ್ತಿದ್ದ ಮೇಕೆಗಳು, ಎಲ್ಲವೂ ಕಂಡವು. ಬಲಪಕ್ಕೆಗೆ ಗೋಡೆ ತಾಗಿತು. ಅವಳು ಒಂದು ಗಳಿಗೆ ಆ ಗೋಡೆಗೆ ಒರಗಿ ಅದರ ಬಲವನ್ನು ಪರೀಕ್ಷಿಸಿದಳು. ಅನಂತರ ಒಂದು ಕಾಲು, ಇನ್ನೊಂದು ಕಾಲು, ಹಿಂಗಾಲುಗಳು. ಒಳಗೆ ಹೋಗಿ ಸಾವಕಾಶವಾಗಿ ತಿರುಗಿ, ಮುಖವನ್ನು ಬಾಗಿಲಿಗೆ ಮಾಡಿ, ತಡವೇಕಾಯಿತೆಂದು ಹೊರಗಿನವರನ್ನು ಕೇಳುವ ಒಡತಿಯಂತೆ ನಿಂತಳು. ಮಳೆ ಸುರಿಯತೊಡಗಿತು. ಹೊರಗಿದ್ದವರೆಲ್ಲ ನೆನೆಯುತ್ತ ನಿಂತಿದ್ದರು. ಕತ್ತೆ ಮಾತ್ರ ನೆನೆದಿರಲಿಲ್ಲ.

ದೊರೆಸಾನಿ ಗಾಯದ ಪಕ್ಕೆಯನ್ನು ಈಗ ಒಳಗಾದ ಮುಂಗೋಡೆಯ ನುಣುಪು ಮುಖಕ್ಕೆ ಮೆಲ್ಲನೆ ತೀಡಿಕೊಂಡು ಕಣ್ಣು ಮುಚ್ಚಿದಳು. ಅದನ್ನು ಕಂಡು ಗುಂಡಿಯಕ್ಕನ ಕೈ ತನ್ನ ತರಚಿದ ಭುಜಕ್ಕೆ ಹೋಯಿತು. ಪಟ್ಟಿ ಒಳಗಿದ್ದಿದ್ದರೆ ಆ ಗಾಯಗಳ ಗತಿ? ಅವಳಿಗೆ ಥಟ್ಟನೆ ನೆನಪಾಯಿತು: ಊರಿನ ಅರ್ಧ ಮಕ್ಕಳ ಮೊದಲ ಅಂಗಿಯನ್ನು ಹೊಲಿದವಳು ತಾನು; ಹುಟ್ಟಿದ ಕೂಸಿನ ಅಂಗಿಗೆ ಮಾತ್ರ ಹೊಲಿಗೆಯನ್ನು ಯಾವಾಗಲೂ ಹೊರಗಿಟ್ಟಿದ್ದಳು, ಎಳೆಯ ಮೈಗೆ ಹೊಲಿಗೆ ಒತ್ತಬಾರದೆಂದು.

"ಅತ್ತೆ! ಕೂಸಿನ ಅಂಗಿ!" ಎಂದು ಕೂಗಿದಳು.

"ಈಗ ಹೊಳೀತಾ?" ಎಂದಳು ಅತ್ತೆ, ಸುತ್ತಿಗೆಯನ್ನು ಕೆಳಗಿಟ್ಟು. "ನಾನು ನಿನಗೆ ಮೊದಲು ಕಲಿಸಿದ್ದೇ ಅದು. ಕಲಿಸಿದ್ದು ನೆಟ್ಟಗೆ ನೆನಪಿಟ್ಕೊಂಡಿದ್ರೆ ಈ ಗಂಡಸರ ಸೊಂಟ ಉಳೀತಿತ್ತು." ಹಾಗೆಂದು ಸೆರಗಿನಿಂದ ಕಣ್ಣೊರೆಸಿಕೊಂಡಳು, ಮಳೆಯ ಇರಚಲು ಹೊಸ್ತಿಲಿನವರೆಗೆ ಬಂದಿರಲಿಲ್ಲ.

ಲಾರಿ ಬೀದಿಯ ತುದಿಯಲ್ಲಿ ಹಾರನ್ನು ಹೊಡೆಯಿತು. ಗೂಡಿನವನು ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಒಳಗೆ ಹೋಗಲೂ ಆರದೆ ಹೊರಡಲೂ ಆರದೆ ಇದ್ದನು. ಗೋಡೆ ಹೊತ್ತಾಗ ಅವನ ಅಂಗಿಯ ಗುಂಡಿಯೊಂದು ಸಿಡಿದುಹೋಗಿತ್ತು. ಗುಂಡಿಯಕ್ಕ ಸೂಜಿ ತೆಗೆದಳು.

"ಲಾರಿ ಕಾಯ್ತಾ ಇದೆ ಅಕ್ಕ."

"ಕಾಯಲಿ. ಅಲ್ಲಾಡಬೇಡ, ಚುಚ್ಚುತ್ತೆ."

ಅವನು ಅಲ್ಲಾಡದೆ ನಿಂತನು. ಕಣ್ಣೀರು ಮಾತ್ರ ನಿಲ್ಲಲಿಲ್ಲ. ಅವಳು ಎಂದಿಗಿಂತ ನಾಲ್ಕು ಸುತ್ತು ಹೆಚ್ಚಾಗಿ ದಾರ ಸುತ್ತಿ, ಅವನು ಮುಖ ಒರೆಸಿಕೊಳ್ಳುವವರೆಗೂ ಹೊಲಿಯುತ್ತಲೇ ಇದ್ದು, ಆಮೇಲೆ ದಾರವನ್ನು ಕಡಿದಳು. ಅವನು ಹಗ್ಗವನ್ನು ಕೊಟ್ಟಿಗೆಯ ಮೊಳೆಗೆ ನೇತುಹಾಕಿ ಹೋದನು. ಆ ಹಗ್ಗವನ್ನು ಇಂದಿನವರೆಗೂ ಯಾರೂ ಬಳಸಿಲ್ಲ.

ಊರು ನಕ್ಕಿತು; ನಗದೆ ಇರುತ್ತದೆಯೇ? ದಾರಿಹೋಕರು ನಿಂತು, "ಏನಪ್ಪ ಬಡಗಿ, ಗೋಡೆಗೆ ಅಂಗಿ ಉಲ್ಟಾ ತೊಡಿಸಿದ್ದೀಯ?" ಎಂದು ಕೇಳುವರು. ಬಡಗಿ ಮೊದಮೊದಲು ಮುಖ ತಿರುಗಿಸುತ್ತಿದ್ದನು. ಈಗ ಎದೆಯುಬ್ಬಿಸಿ, "ನಿನ್ನಮ್ಮ ನಿನಗೆ ತೊಡಿಸಿದ ಮೊದಲ ಅಂಗಿ ಹೇಗಿತ್ತು, ಹೋಗಿ ಕೇಳ್ಕೊಂಡು ಬಾ" ಎನ್ನುವನು. ಕೊಟ್ಟಿಗೆಯ ಉಳಿದ ಮೂರು ಗೋಡೆಗಳನ್ನೂ ಅವನೇ ಬಿಚ್ಚಿ, ಪಟ್ಟಿ ಹೊರಗಾಗುವಂತೆ ತಿರುವಿ ನಿಲ್ಲಿಸಿದ್ದಾನೆ. ಮುಂದಿನ ವರ್ಷ ಪಕ್ಕದ ಹೊಲದವನು ತನ್ನ ಎಮ್ಮೆಗೆ ಸೂರು ಕಟ್ಟಿಸುವಾಗ, ಪಟ್ಟಿ ಹೊರಗಿಡಬೇಕೆಂದು ತಾನೇ ಹೇಳಿ ಮಾಡಿಸಿಕೊಂಡನು. ಗೋಡೆಯ ನಕ್ಷೆ ಬರೆಯುವಾಗ ಮಾತ್ರ ಗುಂಡಿಯಕ್ಕ ಬಟ್ಟೆಯ ಮೇಲೆ ದೊಡ್ಡದಾಗಿ "ಇದು ಒಳಮೈ" ಎಂದು ಬರೆಯುವಳು. ಬಡಗಿ ಅದರ ಕೆಳಗೆ "ಕಂಡೆ" ಎಂದು ರುಜು ಹಾಕುವನು. ಅಂಚೆಯವನನ್ನು, ಕೊಟ್ಟಿಗೆ ಹೇಗಾಯಿತು ಎಂದು ಕೇಳಿದರೆ, ಅವನು ಇನ್ನೂ "ನೋಡೋಣ" ಎಂದೇ ಹೇಳುತ್ತಾನೆ. ಆದರೆ ದಿನವೂ ಬಟವಾಡೆಯಿಂದ ಬಂದೊಡನೆ ಚೀಲವನ್ನು ಇಳಿಸುವ ಮೊದಲು ದೊರೆಸಾನಿಯ ಎಡಗಡೆಗೆ ಹೋಗಿ ನಿಂತು, ಅವಳಿಗೆ ಕಾಣಿಸಿಕೊಂಡು, ಆಮೇಲೆ ಮನೆಯೊಳಗೆ ಬರುತ್ತಾನೆ. ಅವಳ ಮಂಡಿಯ ಊತ ಇಳಿದಿದೆ. ಪಕ್ಕೆಯ ಗಾಯಗಳ ಮೇಲೆ ಹೊಸ ಕೂದಲು ಬಂದಿದೆ.

ಸಕಲ ಜೀವಗಳಿಗೂ ಮೈಯೆಂಬ ಅಂಗಿಯನ್ನು ಅಳತೆ ತಪ್ಪದೆ ಹೊಲಿದು ತೊಡಿಸಿ ಕಳಿಸಿದ ಆ ಒಡೆಯನು ಗುಂಡಿಯಕ್ಕನ ಕಣ್ಣಿನ ಬೆಳಕನ್ನೂ ಬೆರಳಿನ ಚುರುಕನ್ನೂ ಕಾಯಲಿ. ಅವಳ ಅತ್ತೆಯ ನಾಲಿಗೆಯು ನೂರು ವರ್ಷ ಹರಿತವಾಗಿರಲಿ, ಗಂಡನ ಕೈಗಳು ಮಾತಾಡುತ್ತಿರಲಿ, ಅಣ್ಣನ ಹಲಗೆಗೆ ಗೆದ್ದಲು ಹತ್ತದಿರಲಿ. ದೂರದ ಗೂಡಿನಲ್ಲಿ ದುಡಿಯುತ್ತಿರುವವನ ಅಂಗಿಯ ಆ ಒಂದು ಗುಂಡಿ ಉದುರದಿರಲಿ. ಆ ಹಿತ್ತಿಲಿನ ಸೂರಿನ ಕೆಳಗೆ ಕಾಲುಳ್ಳದ್ದೂ ರೆಕ್ಕೆಯುಳ್ಳದ್ದೂ, ಕಣ್ಣುಳ್ಳದ್ದೂ ಕಣ್ಣಿಲ್ಲದ್ದೂ ಮಳೆಗೆ ನೆನೆಯದೆ, ಬಿಸಿಲಿಗೆ ಬಾಡದೆ, ಒಂದರ ಬಿಸುಪಿನಲ್ಲಿ ಇನ್ನೊಂದು ತಂಗಿರಲಿ. ಆ ಮನೆಯವರ ಬಾಳಿಗೆ ಬರುವ ನೋವುಗಳ ಹೊಲಿಗೆಯೆಲ್ಲ ಹೊರಗುಳಿದು, ಮೈಗೆ ತಾಗುವ ಕಡೆಗೆಲ್ಲ ನುಣುಪೇ ದೊರೆಯಲಿ.